ಖಾನಾಪುರದಿಂದ ಮುಂಬೈಗೆ ಒಂದು ಹುಕುಂ

ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ಕೇಳುವುದಿಲ್ಲ. ಫ್ಯಾನ್ ಬಂದ್ ಮಾಡು ಎಂದರೆ ಹೆಂಡತಿ "ನಿಮಗೇನ ಕೈ ಇಲ್ಲೇನ್ರಿ" ಎನ್ನುತ್ತಾಳೆ. ಮಗಳಿಗೆ ಕೇಳಿಸುವುದೇ ಇಲ್ಲ. ಆದರೆ ಮುಂಬೈಯಲ್ಲಿ, ನಾನು ಕಣ್ಣಾರೆ ಕಾಣದ ಯಾವುದೋ ಕಟ್ಟಡದಲ್ಲಿ, ನಮ್ಮ ಆಫೀಸು ಬಾಡಿಗೆಗೆ ಹಿಡಿದ ಕ್ಲೌಡ್ ಸರ್ವರ್ ಒಂದಿದೆ. ಬೆಳಗಾವಿಯ ಮಹಾಂತೇಶ ನಗರದಲ್ಲಿ ಕುಳಿತು, ಕಪ್ಪು ಪರದೆಯ ಮೇಲೆ ಒಂದು ಸಾಲು ಬರೆದು ಎಂಟರ್ ಒತ್ತಿದರೆ ಸಾಕು, ಎದುರಾಡದೆ ಹೇಳಿದ್ದನ್ನು ಮಾಡುತ್ತದೆ. ಆಹಾ, ಆ ಸುಖವೇ ಬೇರೆ. ಹನ್ನೊಂದು ವರ್ಷವಾದರೂ ಎಂಟರ್ ಒತ್ತುವಾಗ ಮೈ ಜುಮ್ಮೆನ್ನುತ್ತದೆ. ಮೌಸ್ ಹಿಡಿದು ಗುಂಡಿ ಹುಡುಕುವವರನ್ನು ಕಂಡರೆ ನನಗೆ ಕನಿಕರ.

ಕಳೆದ ತಿಂಗಳು ಖಾನಾಪುರದಲ್ಲಿ ನನ್ನ ಕಾಕೂ, ಅಂದರೆ ಚಿಕ್ಕಪ್ಪನ ಹೆಂಡತಿ, ತನ್ನ ಬಸುರಿ ಸೊಸೆಗೆ ಸೀಮಂತದ ಕುಬಸ ಇಟ್ಟುಕೊಂಡಿದ್ದಳು. ಅದೇ ದಿನ, ಮುಂಬೈಯ ಆ ಸರ್ವರಿನಲ್ಲಿ ನಾವು ಇಟ್ಟಿರುವ, ನರ್ಸಿಂಗ್ ಕಾಲೇಜೊಂದರ ಆನ್‌ಲೈನ್ ಅರ್ಜಿಗೆ ಕೊನೆಯ ದಿನ. ಸಂಜೆ ಐದರ ನಂತರ ಅರ್ಜಿ ಇಲ್ಲ. ಹೀಗಾಗಿ ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋದೆ. ಪಡಸಾಲೆಯಲ್ಲಿ ಬೀಗರು ಸುತ್ತ ಕುಳಿತಾಗ ಹುರುಪು ತಡೆಯಲಾಗಲಿಲ್ಲ. "ನೋಡ್ರಿ, ಮುಂಬೈಯಾಗಿನ ಮಷೀನಿಗೆ ಇಲ್ಲಿಂದ ಹುಕುಂ ಕೊಡತೇನಿ" ಎಂದು ಒಂದು ಸಾಲು ಬರೆದೆ. ಒಳಗೆ ಎಷ್ಟು ಜಾಗ ಖಾಲಿಯಿದೆಯೆಂದು ತಟ್ಟನೆ ಹೇಳಿತು. ಇನ್ನೊಂದು ಬರೆದೆ, ಈಗ ಎಷ್ಟು ಹುಡುಗಿಯರು ಅರ್ಜಿ ತುಂಬುತ್ತಿದ್ದಾರೆಂದು ಹೇಳಿತು. "ಖರೇನ? ಭಾರಿ ಅದ ಬಿಡ್ರಿ" ಎಂದರು ಹಿರಿಯ ಬೀಗರು. ನಾನು ಉಬ್ಬಿಹೋದೆ.

ಅಷ್ಟರಲ್ಲಿ ಕಾಕೂ ಬಂದು "ಎಲಿ ಹಾಕ್ಯಾರ, ಅದನ್ನ ಬಂದ್ ಮಾಡಿ ಏಳೋ" ಎಂದಳು. ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದ್ದರೆ ಮುಗಿಯುತ್ತಿತ್ತು. ಬೀಗರ ಮುಂದೆ ಅಷ್ಟು ಸಪ್ಪೆಯಾಗಿ ಏಳುವುದು ಹೇಗೆ? ಬಂದ್ ಮಾಡುವ ಹುಕುಮನ್ನೂ ಬರೆದೇ ಕೊಟ್ಟೆ. ಲ್ಯಾಪ್‌ಟಾಪ್ ಆರಲಿಲ್ಲ. ಆ ಕಪ್ಪು ಪರದೆ ಇನ್ನೂ ಮುಂಬೈಗೇ ಜೋಡಿಸಿಕೊಂಡಿತ್ತು; ಆರಿದ್ದು ಸರ್ವರ್. ಅರ್ಧ ಅರ್ಜಿ ತುಂಬಿದ್ದ ಹುಡುಗಿಯರ ಮುಂದೆ ಪುಟವೇ ಮಾಯ. ಆಗ ಗಂಟೆ ಎರಡೂವರೆ. ಮತ್ತೆ ಎಬ್ಬಿಸೋಣವೆಂದರೆ ಆರಿದ ಯಂತ್ರಕ್ಕೆ ನನ್ನ ಹುಕುಂ ಕೇಳಿಸಬೇಕಲ್ಲ. ಎಬ್ಬಿಸುವ ಗುಂಡಿ ಬೇರೊಂದು ವೆಬ್‌ಪುಟದಲ್ಲಿದೆ. ಅದರ ಪಾಸ್‌ವರ್ಡ್ ಬೆಳಗಾವಿಯ ಖಾಸಬಾಗದಲ್ಲಿರುವ ನಮ್ಮ ಸಾಹೇಬರ ಬಳಿ ಮಾತ್ರ. ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಮೂರೂವರೆಗೆ ಎತ್ತಿದರು.

"ಸರ್ವರ್ ಬಂದ್ ಆಗೇತ್ರಿ."

"ಯಾರ್ ಮಾಡಿದ್ರು?"

"ನಾನ ರೀ."

"ನೀವು ಖಾನಾಪುರದಾಗ ಅದೀರಲ್ಲರಿ?"

"ಇಲ್ಲಿಂದನ ಮಾಡೇನ್ರಿ."

ಅವರು ಸಿಟ್ಟಿನಿಂದಲೇ ಗುಂಡಿ ಒತ್ತಿದರು. ಕಾಲೇಜಿನವರನ್ನು ಬೇಡಿಕೊಂಡು ಗಡುವನ್ನು ಏಳರವರೆಗೆ ಹಿಗ್ಗಿಸಿದರು. ಅರ್ಜಿಗಳು ಮತ್ತೆ ಬರತೊಡಗಿದಾಗ ಹೋದ ಜೀವ ಬಂದಂತಾಯಿತು.

ನಾನು ಕೊನೆಗೊಮ್ಮೆ ಊಟಕ್ಕೆ ಕುಳಿತಾಗ ಕಾಕೂ ತಣ್ಣಗಾದ ಹೋಳಿಗೆ ಬಡಿಸುತ್ತ ಕೇಳಿದಳು: "ಅಂಥಾದ್ದೇನಂದಿ ಅದಕ್ಕ?"

"ಹೋಗು ಅಂದೆ."

"ಹುಚ್ಚಪ್ಪ, ಯಾರನ್ನರ ಕಳಸೂ ಮುಂದ ಹೋಗು ಅಂತಾರೇನೋ? ಹೋಗಿ ಬಾ ಅನ್ನಬೇಕು."

ತುತ್ತು ಬಾಯಲ್ಲೇ ನಿಂತಿತು. ಆರಿ, ತಾನಾಗಿಯೇ ಮತ್ತೆ ಏಳು ಎನ್ನುವ ಹುಕುಂ ಇದ್ದೇ ಇದೆಯಲ್ಲ. ಮರುದಿನವೇ ಸರ್ವರಿನಲ್ಲಿ ಬಂದೋಬಸ್ತು ಮಾಡಿದೆ: ಇನ್ನು ಯಾರು ಬಂದ್ ಆಗು ಎಂದು ಬರೆದರೂ ಅದು ಹೋಗಿ ಬರುತ್ತದೆ. ಸಾಹೇಬರಿಗೆ ಸಿಟ್ಟೆಲ್ಲ ಇಳಿಯಿತು. "ಭಾರಿ ಚಲೋ ವಿಚಾರ. ಯಾರಿಗೆ ಹೊಳೀತ್ರಿ ಇದು?" ಎಂದು ಎಲ್ಲರ ಮುಂದೆ ಕೇಳಿದರು.

"ನನಗ ರೀ" ಎಂದೆ.