ಲಿಫ್ಟ್ ಕಿರುಚಿದ್ದು ನನ್ನನ್ನು ನೋಡಿಯೇ

ಹತ್ತೊಂಬತ್ತು ವರ್ಷದಿಂದ ನಾನು ಆರು ಮಹಡಿಯ ಒಂದು ಕಚೇರಿ ಕಟ್ಟಡದಲ್ಲಿ ಲಿಫ್ಟ್ ನಡೆಸುತ್ತಿದ್ದೇನೆ. (ನಡೆಸುತ್ತಿದ್ದೆ ಎನ್ನಬೇಕು. ಬಾಯಿಗೆ ಇನ್ನೂ ರೂಢಿ ತಪ್ಪಿಲ್ಲ. ಆ ಸಂಕಟ ಹೇಳಿಕೊಳ್ಳಲೆಂದೇ ನಿಮ್ಮನ್ನು ಹಿಡಿದು ಕೂರಿಸಿದ್ದು.)

ನಮ್ಮ ಹಳೇ ಲಿಫ್ಟ್ ಮಾನವಂತ ಲಿಫ್ಟ್. ಕಬ್ಬಿಣದ ಜಾಲರಿ ಬಾಗಿಲು, ಹಿತ್ತಾಳೆ ಹಿಡಿ, ಮೂಲೆಯಲ್ಲಿ ನನ್ನ ಸ್ಟೂಲು. ಆ ಸ್ಟೂಲಿನ ಮೇಲೆ ನಾನು ಸಿಂಹಾಸನಾರೂಢನಾದರೆ ಎರಡನೇ ಮಹಡಿಯ ಹಲ್ಲಿನ ಡಾಕ್ಟರಿರಲಿ, ನಾಲ್ಕನೇ ಮಹಡಿಯ ವಿಮಾ ಕಚೇರಿಯ ಮೇಡಂ ಇರಲಿ, ನಾನು ಹಿಡಿ ತಿರುಗಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕೂತು ಕೂತು ದೇಹವೂ ಪದವಿಗೆ ತಕ್ಕಂತೆ ಬೆಳೆಯಿತು. ಹಳೇ ಲಿಫ್ಟ್ ಪಾಪ, ನನ್ನನ್ನು ಹೊತ್ತು ಮುಲುಗುತ್ತಿತ್ತೇ ಹೊರತು ಒಂದು ದಿನವೂ ನಾಲ್ಕು ಜನರ ಮುಂದೆ ಚಾಡಿ ಹೇಳಿದ್ದಿಲ್ಲ.

ಹೋದ ವರ್ಷ ಅದನ್ನು ಕಳಚಿ ಹೊಸದನ್ನು ತಂದರು. ಥಳಥಳ ಹೊಳೆಯುವ ಗೋಡೆ, ತಾನೇ ಮುಚ್ಚುವ ಬಾಗಿಲು, ಸಾಲಾಗಿ ಗುಂಡಿಗಳು. ಗೋಡೆಯ ಮೇಲೆ 'ಎಂಟು ಜನ' ಎಂಬ ಫಲಕ. ಭಾರ ಜಾಸ್ತಿಯಾದರೆ ಕೂಗುವ ಬಜರು. ಮೊದಲ ದಿನ ಬೆಳಿಗ್ಗೆ ಏಳು ಜನರನ್ನು ಮರ್ಯಾದೆಯಿಂದ ಒಳಗೆ ಬಿಟ್ಟು ಎಂಟನೆಯವನಾಗಿ ನಾನು ಬಲಗಾಲಿಟ್ಟೆ. ಏನೂ ಆಗಲಿಲ್ಲ. ಎಡಗಾಲಿಟ್ಟೆ. ಲಿಫ್ಟ್ ಕುತ್ತಿಗೆ ಹಿಸುಕಿದ ಹಾಗೆ ಕಿರುಚಿತು.

"ಲಿಫ್ಟಣ್ಣ, ನೀವು ಸ್ವಲ್ಪ ಇಳೀರಿ," ಎಂದರು ವಿಮಾ ಮೇಡಂ.

"ನಾನು ಇಳಿದರೆ ಇದನ್ನ ನಡೆಸೋರು ಯಾರು ಮೇಡಂ?"

"ನೀವು ಇಳಿದರೆ ಇನ್ನೂ ಇಬ್ಬರು ಹತ್ತಬಹುದು," ಎಂದ ಹಿಂದಿನಿಂದ ಯಾವನೋ ಪುಣ್ಯಾತ್ಮ. ಎಲ್ಲರೂ ನಕ್ಕರು. ಹತ್ತೊಂಬತ್ತು ವರ್ಷ ಮೇಲೆ ಕೆಳಗೆ ಹೊತ್ತು ತಿರುಗಿದ್ದಕ್ಕೆ ಇದು ಬಹುಮಾನ!

ವಾರವಿಡೀ ಇದೇ ಪಾಡು. ಕೊನೆಗೆ ಕಟ್ಟಡದ ಮ್ಯಾನೇಜರು ಕರೆಸಿದರು. ಆ ಮನುಷ್ಯ ಬೈಯುವುದಿಲ್ಲ. ಕನ್ನಡಕ ಒರೆಸುತ್ತಾ ಮಾತಾಡುತ್ತಾರೆ, ಅದೇ ಭಯ.

"ನೋಡ್ರಿ, ಎಂಟು ಜನ ಅಂತ ಬರೆದ ಮೇಲೆ ಎಂಟು ಜನ ಹೋಗಬೇಕು. ಒಂದು ತಿಂಗಳು ಟೈಮ್ ಕೊಡ್ತೀನಿ. ಒಂದೋ ನಿಮ್ಮ ತೂಕ ಇಳೀಬೇಕು, ಇಲ್ಲಾ ನೀವು ಇಳೀಬೇಕು."

ಮನೆಗೆ ಬಂದು ಹೆಂಡತಿಯ ಮುಂದೆ ಗೋಳಾಡಿದೆ. ಅವಳು ನನ್ನ ಸಮವಸ್ತ್ರದ ಪ್ಯಾಂಟಿಗೆ ಆ ತಿಂಗಳ ಮೂರನೇ ಗುಂಡಿ ಹೊಲಿಯುತ್ತಿದ್ದಳು.

"ನಾನು ಹೇಳಿದ್ರೆ ಕಿವಿಗೆ ಹಾಕ್ಕೊಳ್ಳಲಿಲ್ಲ. ಈಗ ಲಿಫ್ಟ್ ಹೇಳ್ತಿದೆ," ಎಂದಳು ದಾರ ಕಚ್ಚಿ. "ಆರು ಮಹಡಿ ಕಟ್ಟಡ. ಒಂದು ದಿನಾನಾದ್ರೂ ಮೆಟ್ಟಿಲು ಹತ್ತಿದ್ದೀರಾ?"

"ಏನೇ ಹೀಗಂತೀಯ? ಲಿಫ್ಟ್ ನಡೆಸೋನು ಮೆಟ್ಟಿಲು ಹತ್ತಿದ್ರೆ ಜನ ಏನಂದ್ಕೋತಾರೆ? ಹೋಟೆಲಿನವನು ಪಕ್ಕದ ಹೋಟೆಲಿಗೆ ಊಟಕ್ಕೆ ಹೋದ ಹಾಗಾಗಲ್ವಾ?"

"ಹಾಗಾದ್ರೆ ತಟ್ಟೆ ಚಿಕ್ಕದು ಮಾಡಿ."

ಚಿಕ್ಕ ತಟ್ಟೆಯ ಮಾತು ಕೇಳಿ ನನಗೆ ಕಣ್ಣು ಕತ್ತಲೆ ಬಂತು. ಆ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ನನ್ನ ಬಾಮೈದ ಪ್ರತ್ಯಕ್ಷನಾದ.

ಲೋಕದಲ್ಲಿ ಹೆಂಡತಿಯಾದವಳು ತಮ್ಮನನ್ನು ಹೊಗಳುವುದು, ಗಂಡನಾದವನು ಗೊಣಗುವುದು ಪದ್ಧತಿ. ನಮ್ಮ ಮನೆಯಲ್ಲಿ ಅದು ತಿರುಗುಮುರುಗು. ಅವನು ಬೆಲ್ ಒತ್ತಿದರೆ ಅವಳು ನಿಟ್ಟುಸಿರಿಡುತ್ತಾಳೆ, ನಾನು ಕುರ್ಚಿ ಎಳೆದು ಕೊಡುತ್ತೇನೆ. ಅವನು ಹಿಂದೆ ಎತ್ತರ ಹೆಚ್ಚಿಸುವ ಚಪ್ಪಲಿ ಮಾರಿದ್ದ, ಆಮೇಲೆ ಕೂದಲು ಬೆಳೆಸುವ ಎಣ್ಣೆ. ಈಗ ಚೀಲದಿಂದ ಒಂದು ಕಪ್ಪು ಡಬ್ಬಿ ತೆಗೆದು ಮೇಜಿನ ಮೇಲಿಟ್ಟ. ಡಬ್ಬಿಯ ಮೇಲಿದ್ದ ಗಂಡಸಿನ ಹೊಟ್ಟೆಯಲ್ಲಿ ಆರು ಭಾಗಗಳಿದ್ದವು. ನನ್ನದು ಅಖಂಡ.

"ಕೊಬ್ಬು ಕರಗಿಸೋ ಕ್ಯಾಪ್ಸೂಲ್, ಭಾವ. ಬೆಳಿಗ್ಗೆ ಎರಡು, ಸಂಜೆ ಎರಡು. ಊಟ ಬಿಡಬೇಕಿಲ್ಲ, ಬೆವರು ಸುರಿಸಬೇಕಿಲ್ಲ. ಕೂತಲ್ಲೇ ಕರಗ್ತೀರ."

"ಅವರೇನು ಮೇಣದಬತ್ತಿನಾ?" ಎಂದಳು ಅವನಕ್ಕ. ಡಬ್ಬಿ ಎತ್ತಿ ಸುತ್ತಲೂ ತಿರುಗಿಸಿ ನೋಡಿದಳು. "ಏನು ಕರಗಿಸುತ್ತೆ ಅಂತ ನಾಲ್ಕು ಕಡೆ ಬರೆದಿದ್ದಾರೆ. ಒಳಗೆ ಏನಿದೆ ಅಂತ ಒಂದು ಕಡೆನೂ ಇಲ್ಲ. ರೀ, ಇವನು ಕೊಟ್ಟಿದ್ದು ನುಂಗಬೇಡಿ. ಅಪ್ಪನ ತಲೇಲಿ ನಾಲ್ಕು ಕೂದಲಿತ್ತು, ಇವನ ಎಣ್ಣೆ ಹಚ್ಚಿ ಅದೂ ಹೋಯ್ತು."

"ಅಕ್ಕ, ಅದು ಹಳೇ ಕಂಪನಿ."

"ನೀನು ಅದೇ ಹಳಬ ತಾನೇ?"

ನಾನು ಬಾಮೈದನ ಪಕ್ಷ ವಹಿಸಿದೆ. ಚಿಕ್ಕ ತಟ್ಟೆ, ಮೆಟ್ಟಿಲು, ಕ್ಯಾಪ್ಸೂಲು ಮೂರನ್ನೂ ಮುಂದಿಟ್ಟರೆ ಬುದ್ಧಿಯಿದ್ದವನು ಯಾವುದನ್ನು ಆರಿಸುತ್ತಾನೆ ನೀವೇ ಹೇಳಿ. ಅವತ್ತು ಎರಡು ನುಂಗಿ, ಎಂದಿಗಿಂತ ಒಂದು ಪಟ್ಟು ಹೆಚ್ಚೇ ಉಂಡೆ. ಕರಗಿಸುವ ಯಂತ್ರ ಕೂರಿಸಿದ ಮೇಲೆ ಅದಕ್ಕೆ ಕಚ್ಚಾ ಸಾಮಗ್ರಿ ಬೇಡವೇ?

ಮೂರನೇ ದಿನ ಯಂತ್ರ ಚಾಲೂ ಆಯಿತು. ಬಾಯಿ ಒಣಗಿತು. ಕಿವಿ ಬಿಸಿಯಾಯಿತು. ಎದೆ ಡವಡವ. ಬೆರಳು ಎಷ್ಟು ನಡುಗುತ್ತಿತ್ತೆಂದರೆ ನಾಲ್ಕು ಒತ್ತಲು ಹೋದರೆ ಮೂರು, ನಾಲ್ಕು, ಐದು ಮೂರೂ ಹೊತ್ತಿಕೊಳ್ಳುತ್ತಿದ್ದವು. ಇದೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಅರ್ಧ ಗಂಟೆಗೊಮ್ಮೆ ಒಂದಕ್ಕೆ ಅವಸರ! ನಮ್ಮಂಥ ಸಿಬ್ಬಂದಿಗೆ ಇರುವ ಒಂದೇ ಶೌಚಾಲಯ ನೆಲಮಹಡಿಯ ಹಿಂಬದಿಯಲ್ಲಿ. ಲಿಫ್ಟಿನಲ್ಲಿರುವವನಿಗೆ ಅಂಥ ಅವಸರ ಬಂದರೆ ಅದು ಬರುವುದು ಆರನೇ ಮಹಡಿಯಲ್ಲೇ.

ನಾನು ಓಡಿದಾಗೆಲ್ಲ ಲಿಫ್ಟ್ ಬಾಯಿ ತೆರೆದು ನಿಲ್ಲುತ್ತಿತ್ತು, ಜನ ಗಡಿಯಾರ ನೋಡುತ್ತಿದ್ದರು. ಹತ್ತೊಂಬತ್ತು ವರ್ಷದ ಕರ್ತವ್ಯಪ್ರಜ್ಞೆ ಸುಮ್ಮನಿರುತ್ತದೆಯೇ? ಒಂದು ರಟ್ಟು ತೆಗೆದುಕೊಂಡು ಕೆಂಪು, ನೀಲಿ ಶಾಯಿಯಲ್ಲಿ ದುಂಡು ಅಕ್ಷರದಲ್ಲಿ ಬರೆದೆ: 'ಮಾನ್ಯರೇ, ಹೋಗಬೇಕಾದ ಮಹಡಿಯ ಗುಂಡಿಯನ್ನು ಒಮ್ಮೆ ಒತ್ತಿರಿ. ಬಾಗಿಲು ತಾನೇ ಮುಚ್ಚುತ್ತದೆ. ಲಿಫ್ಟ್ ತಾನೇ ನಿಲ್ಲುತ್ತದೆ. ಭಯ ಬೇಡ. ಈಗ ಬಂದೆ.' ಅದನ್ನು ಗುಂಡಿಗಳ ಮೇಲೆ ಅಂಟಿಸಿದೆ. ನನ್ನ ಬರವಣಿಗೆ ನೋಡಿ ನನಗೇ ಹೆಮ್ಮೆಯಾಯಿತು.

ಹನ್ನೊಂದನೇ ದಿನ ಹಲ್ಲಿನ ಡಾಕ್ಟರು ನನ್ನ ಮುಖ ನೋಡಿ ಕೈ ಹಿಡಿದು ನಾಡಿ ಎಣಿಸಿದರು. "ನಾನು ಹಲ್ಲಿನ ಡಾಕ್ಟರು, ಒಪ್ಪಿದೆ. ಆದರೂ ಇದು ಹೀಗೆ ಹೊಡ್ಕೋಬಾರದು ಅಂತ ನನಗೂ ಗೊತ್ತು. ಏನು ತಗೋತಿದ್ದೀರಿ?" ಹೇಳಿದೆ. ಅವರು ನನಗೆ ಬೈಯಲಿಲ್ಲ. ಅದಕ್ಕಿಂತ ಘೋರವಾದದ್ದು ಮಾಡಿದರು, ನನ್ನ ಹೆಂಡತಿಗೆ ಫೋನ್ ಮಾಡಿದರು.

ಮನೆಯಲ್ಲಿ ಅವಳು ಡಬ್ಬಿ ಕೈಯಲ್ಲಿ ಹಿಡಿದೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಕೋಪವೆಂದುಕೊಂಡೆ, ಅತ್ತಿದ್ದಳು.

"ಎದೆ ಹಿಡ್ಕೊಂಡು ಲಿಫ್ಟಲ್ಲೇ ಬಿದ್ದಿದ್ರೆ? ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ. ನೀವು ಹೋದ್ರೆ ನಾನು ಯಾರ ಪ್ಯಾಂಟಿಗೆ ಗುಂಡಿ ಹೊಲೀಲಿ?"

ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಆಡಿದ ಅತ್ಯಂತ ಪ್ರೀತಿಯ ಮಾತು ಅದು. ನಾನು ಎದ್ದು ಎರಡು ಲೋಟ ನೀರು ಕುಡಿದೆ. (ಬಾಯಿ ಒಣಗಿದ್ದರಿಂದಲೂ ಇರಬಹುದು.) ಉಳಿದ ಕ್ಯಾಪ್ಸೂಲನ್ನೆಲ್ಲ ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕಿದಳು, ನನ್ನನ್ನು ದೊಡ್ಡ ಡಾಕ್ಟರ ಹತ್ತಿರ ಕರೆದೊಯ್ದಳು. ಅವರು ಪರೀಕ್ಷಿಸಿ, "ಇಷ್ಟು ದಿನದಲ್ಲಿ ಹೋಗಿದ್ದು ಬರೀ ನೀರು. ಕೊಬ್ಬು ಇದ್ದಲ್ಲೇ ಕೂತಿದೆ. ನಡೀರಿ, ಮೆಟ್ಟಿಲು ಹತ್ತಿ," ಎಂದರು. ಹೆಂಡತಿ ನನ್ನ ಕಡೆ ಒಮ್ಮೆ ನೋಡಿದಳು. 'ನಾನು ಹೇಳಿರಲಿಲ್ಲವೇ' ಅನ್ನದೆ ಬಿಟ್ಟಳು, ಅಷ್ಟರಮಟ್ಟಿಗೆ ದೊಡ್ಡ ಮನಸ್ಸು.

ಕ್ಯಾಪ್ಸೂಲು ನಿಂತಿತು, ಎದೆ ತಣ್ಣಗಾಯಿತು. ಆದರೆ ಕೆಲಸಕ್ಕೆ ಮರಳಿದರೆ ಬೇರೊಂದು ವಿಚಿತ್ರ. ಲಿಫ್ಟ್ ನನಗೆ ಕಾಯುತ್ತಲೇ ಇಲ್ಲ! ನೀರು ಕುಡಿದು ಬರುವಷ್ಟರಲ್ಲಿ ಯಾರೋ ಗುಂಡಿ ಒತ್ತಿ ಐದಕ್ಕೆ ಹೋಗಿರುತ್ತಿದ್ದರು. ನಾನು ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಐದಕ್ಕೆ ಹೋದರೆ ಅದು ಒಂದಕ್ಕೆ ಇಳಿದಿರುತ್ತಿತ್ತು. ದಿನಕ್ಕೆ ಇಪ್ಪತ್ತು ಸಲ ನನ್ನ ಲಿಫ್ಟನ್ನು ನಾನೇ ಬೆನ್ನಟ್ಟಿದೆ. ಮನೆಯಲ್ಲಿ ಚಿಕ್ಕ ತಟ್ಟೆ ಬೇರೆ. ತಿಂಗಳು ತುಂಬುವಷ್ಟರಲ್ಲಿ ಪ್ಯಾಂಟಿನ ಗುಂಡಿ ಕಳಚಿ ಬೀಳುವುದು ನಿಂತು ಪ್ಯಾಂಟೇ ಬೀಳತೊಡಗಿತು.

ಪರೀಕ್ಷೆಯ ದಿನ ಹೆಂಡತಿ ತಾನೇ ನನ್ನ ಸಮವಸ್ತ್ರ ಇಸ್ತ್ರಿ ಮಾಡಿ ಕೊಟ್ಟಳು. ಮ್ಯಾನೇಜರು ಲಿಫ್ಟಿನ ಮುಂದೆ ನಿಂತು ಏಳು ಜನರನ್ನು ಹತ್ತಿಸಿದರು. ಬಲಗಾಲಿಟ್ಟೆ. ಎಡಗಾಲಿಟ್ಟೆ. ಉಸಿರು ಬಿಗಿಹಿಡಿದೆ. ಲಿಫ್ಟ್ ಗಪ್‌ಚುಪ್! ವಿಮಾ ಮೇಡಂ ಚಪ್ಪಾಳೆ ತಟ್ಟಿದರು. ಆನಂದದಿಂದ ನಾನು ಕೈಯೆತ್ತಿ ಎಲ್ಲರಿಗೂ ನಮಸ್ಕರಿಸಿದೆ. ನಮಸ್ಕರಿಸಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ ಕೈ ಚಾಚಿ ಗುಂಡಿ ಒತ್ತಿಯೂ ಆಗಿತ್ತು.

"ಶಭಾಷ್!" ಎಂದರು ಮ್ಯಾನೇಜರು ಆಮೇಲೆ ಕೋಣೆಗೆ ಕರೆದು, ಕನ್ನಡಕ ಒರೆಸುತ್ತಾ. ನನ್ನ ಎದೆ ಕ್ಯಾಪ್ಸೂಲಿಲ್ಲದೆಯೇ ಡವಡವ ಎಂದಿತು. "ನಿಮ್ಮಿಂದ ನನಗೆ ಒಂದು ವಿಷಯ ಗೊತ್ತಾಯ್ತು ಕಣ್ರಿ. ತಿಂಗಳಿಂದ ಲಿಫ್ಟ್ ತಾನೇ ಓಡ್ತಿದೆ, ಒಂದು ದೂರೂ ಇಲ್ಲ. ಎಲ್ಲ ನಿಮ್ಮ ರಟ್ಟಿನ ಮಹಿಮೆ. ಎಷ್ಟು ಚೆನ್ನಾಗಿ ಬರೆದಿದ್ದೀರಿ! ಅದಕ್ಕೆ ಗಾಜು ಹಾಕಿಸ್ತಾ ಇದ್ದೀನಿ. 'ಈಗ ಬಂದೆ' ಅನ್ನೋದನ್ನ ಮಾತ್ರ ಅಳಿಸಿಬಿಡಿ."

ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿ ಹಾಕಿಕೊಂಡಿದ್ದೆ, ಅದೂ ಎರಡು ಬಣ್ಣದ ಶಾಯಿಯಲ್ಲಿ. "ಹಾಗಾದ್ರೆ ನನ್ನ ಗತಿ ಸಾರ್?" ಎಂದೆ.

"ನಿಮ್ಮನ್ನ ಬಿಡ್ತೀವಾ? ಇಷ್ಟು ಚುರುಕಾಗಿ ಮೆಟ್ಟಿಲು ಹತ್ತೋರು ಈ ಕಟ್ಟಡದಲ್ಲೇ ಯಾರೂ ಇಲ್ಲ. ನಾಳೆಯಿಂದ ಟಪಾಲು, ಪಾರ್ಸೆಲು ಎಲ್ಲ ಮಹಡಿಗೂ ನೀವೇ ಮುಟ್ಟಿಸಿ. ಲಿಫ್ಟಲ್ಲಿ ಬೇಡ, ಅದು ಎಂಟು ಜನಕ್ಕೆ."

ಹೆಂಡತಿಗೆ ಹೇಳಿದೆ. ಅವಳು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಸೆರಗು ಸಾಲಲಿಲ್ಲ.

ಬಾಮೈದನ ಸಂಗತಿ ಕೇಳುವಿರಾ? ಹೊಸ ಡಬ್ಬಿಯ ಮೇಲೆ ಈಗ ಆರು ಭಾಗದ ಹೊಟ್ಟೆಯಿಲ್ಲ. ನನ್ನದೇ ಫೋಟೋ ಇದೆ, ಮೊದಲಿನದೊಂದು, ಈಗಿನದೊಂದು. ಅದನ್ನು ಡಬ್ಬಿಯಿಂದ ಅಳಿಸು ಎಂದರೆ, "ತಗೊಂಡಿದ್ದು ನಿಜ, ಇಳಿದಿದ್ದೂ ನಿಜ. ಸುಳ್ಳು ಎಲ್ಲಿದೆ ಭಾವ?" ಎಂದ. ಅಕ್ಕನಿಂದ ಬೈಸಿಕೊಂಡ ಮೇಲೂ ಈಗಾಗಲೇ ಮುದ್ರಿಸಿದ ಡಬ್ಬಿಗಳು ಖಾಲಿಯಾಗಲಿ ಎನ್ನುತ್ತಾನೆ. ವ್ಯಾಪಾರ ಕುದುರಿ ನಮ್ಮ ಕಟ್ಟಡದ ಆರನೇ ಮಹಡಿಯಲ್ಲೇ ಕಚೇರಿ ತೆರೆದಿದ್ದಾನೆ.

ನಿನ್ನೆ ಬೆಳಿಗ್ಗೆ ಅವನು ದೊಡ್ಡ ಪೆಟ್ಟಿಗೆ ತುಂಬ ಕೊಬ್ಬು ಕರಗಿಸುವ ಡಬ್ಬಿಗಳನ್ನು ಹೊತ್ತು ತಂದ. ಲಿಫ್ಟಿನಲ್ಲಿ ಆಗಲೇ ಏಳು ಜನ. ಅವನು ಎಂಟನೆಯವನಾಗಿ ಕಾಲಿಟ್ಟ. ಲಿಫ್ಟ್ ಕಿರುಚಿತು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಈಗ ಇಳಿಯುತ್ತಾನೆ, ಎಲ್ಲರೂ ನಗುತ್ತಾರೆ ಎಂದು ಮುಂದೆ ಬಂದು ನಿಂತೆ.

ಅವನು ಇಳಿಯಲಿಲ್ಲ. ಕೈ ಚಾಚಿ ಪೆಟ್ಟಿಗೆಯನ್ನು ನನ್ನ ತಲೆಯ ಮೇಲಿಟ್ಟ.

"ಭಾವ, ಇದೊಂದು ಆರಕ್ಕೆ ತಂದುಬಿಡಿ," ಎಂದು, ನನ್ನ ರಟ್ಟನ್ನು ಓದಿಕೊಂಡು ಗುಂಡಿಯನ್ನು ಒಮ್ಮೆ ಒತ್ತಿದ. ಬಾಗಿಲು ತಾನೇ ಮುಚ್ಚಿತು.