ತೆಂಗಿನಕಾಯಿ ಎತ್ತಿಸಿದ ಪ್ರಸಂಗ

ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವರು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ; ಅದೇ ಬ್ಯಾಗು ಹಾಕ್ಕೊಂಡು ಬಂದು ಕ್ಲಾಸಿನಲ್ಲಿ ಕೂರುತ್ತೆ. ಅರಸೀಕೆರೆಯಲ್ಲಿ ನನ್ನ ಪಾಲಿಗೆ ಬಂದವಳು ಜಾವಗಲ್ಲಿನ ಒಬ್ಬ ಹುಡುಗಿ. ನೆಲದಲ್ಲಿರೋ ತೆಂಗಿನಕಾಯಿ ಹಿಡಿದು, ಎತ್ತಿ, ಮೇಜಿನ ಮೇಲಿಡುವ ರೋಬೋ ಮಾಡ್ತೀನಿ ಅಂತ ಹಟ ಹಿಡಿದಳು. ಹಿಂದಿನ ವರ್ಷ ಪ್ರಾಜೆಕ್ಟಿನಲ್ಲೇ ಫೇಲಾಗಿದ್ದವಳು. ಈ ಸಲವೂ ಕೈಕೊಟ್ಟರೆ ಓದು ಬಿಡಿಸ್ತೀವಿ ಅಂತ ಮನೆಯಲ್ಲಿ ಹೇಳಿಯಾಗಿತ್ತು. ಅವಳ ಪರ ನಿಂತವರು ಅಜ್ಜಿ ಒಬ್ಬರೇ. ನನಗೋ ಆ ಹುಡುಗಿ ಅಂದರೆ ಪ್ರಾಣ. ಬಯ್ಯೋದು ಮಾತ್ರ ಬಿಟ್ಟಿರಲಿಲ್ಲ ಅನ್ನಿ.

ದಾರ

ರೋಬೋದ ಕೈ ಕಾಯಿ ಹಿಡಿಯುತ್ತೆ, ಸರಿ. ಮೇಲಕ್ಕೆ ಎತ್ತೋದು ಹೇಗೆ? ಮೊದಲು ಬಾವಿ ರಾಟೆ ಥರ ದಾರ ಸುತ್ತಿದಳು. ಮೋಟಾರು ತಿರುಗಿತು, ಕಾಯಿ ಮೇಲೆದ್ದಿತು, ತೊಟ್ಟಿಲಿನ ಹಾಗೆ ತೂಗಾಡುತ್ತಾ ಬಂದು ನನ್ನ ಮೊಣಕಾಲಿಗೆ ಬಡಿಯಿತು.

“ಅಯ್ಯಯ್ಯೋ, ನನ್ನ ಯಾಕೆ ಕೊಲ್ತೀಯೇ!” ಅಂದೆ.

“ಎತ್ತೋದೇನೋ ಎತ್ತಿತಲ್ಲ ಮೇಡಂ,” ಅಂದಳು, ನನ್ನ ಮೊಣಕಾಲು ಉಜ್ಜುತ್ತಾ. “ಇಡೋ ಜಾಗ ಒಂದೇ ತಪ್ಪಿದ್ದು.”

ಬಸ್ಸು

ಆಮೇಲೆ ಕತ್ತರಿಯಂತೆ ಬಿಚ್ಚಿ ಮಡಿಸುವ ಲಿಫ್ಟ್ ಮಾಡಿದಳು. ಅರ್ಧಕ್ಕೇ ಕಾಲು ನಡುಗಿ ಕೂತುಬಿಡೋದು. ಕೊನೆಗೆ, ಕಾರಿನ ಜಾಕಿನಲ್ಲಿರುತ್ತಲ್ಲ, ಅಂಥ ಉದ್ದದ ಸ್ಕ್ರೂ ರಾಡೇ ಗತಿ ಅಂತ ತೀರ್ಮಾನವಾಯಿತು. ನಿಧಾನವೇ, ಆದರೆ ಕರೆಂಟು ಹೋದರೂ ಕಾಯಿ ಜಾರಿ ಬೀಳಲ್ಲ. ಬೇಲೂರಿನಲ್ಲಿ ಅವಳ ಮಾವನ ಗ್ಯಾರೇಜಿನಲ್ಲಿ ಅಂಥದ್ದೊಂದು ಸಿಕ್ಕಿತು. ಇಬ್ಬರೂ ಹೋಗಿ ತಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿಗೆ ಫೋನು. ರೋಬೋವನ್ನು ನಾವು ‘ಎತ್ತು’ ಅಂತಲೇ ಕರೀತಿದ್ದೆವು, ಎತ್ತೋ ಕೆಲಸ ಮಾಡುತ್ತಲ್ಲ, ಅದಕ್ಕೆ.

“ಅಜ್ಜೀ, ಎತ್ತು ಅರ್ಧಕ್ಕೇ ಕೂತ್ಬಿಡ್ತದೆ. ಕಾಲೆಲ್ಲಾ ಕಿತ್ತಾಕಿ, ಮಧ್ಯಕ್ಕೆ ಒಂದು ರಾಡು ತೂರಿಸ್ತೀವಿ!”

ಮುಂದಿನ ಸೀಟಿನ ಯಜಮಾನರು ತಿರುಗಿ ಕೈಮುಗಿದೇ ಬಿಟ್ಟರು: “ತಾಯೀ, ನಿಮ್ ದಮ್ಮಯ್ಯ ಅಂತೀನಿ, ಮೂಕ ಪ್ರಾಣಿ, ಬಿಟ್ಬಿಡಿ. ಹಳೇಬೀಡಲ್ಲಿ ದನದ ಡಾಕ್ಟ್ರು ಅವ್ರೆ!”

ಪರೀಕ್ಷೆ

ರಾಡು ಕೂರಿಸಿದ ಮೇಲೆ, ಬಾಯಲ್ಲಿ ಹೇಳಿದರೆ ಕೇಳುವ ಹಾಗೂ ಮಾಡಿದ್ದಳು. ‘ಎತ್ತು’ ಅಂದರೆ ಎತ್ತಬೇಕು. ಬೇರೆ ಮಾತು ಅದಕ್ಕೆ ಗೊತ್ತಿಲ್ಲ. ಪರೀಕ್ಷೆಯ ದಿನ ಅಜ್ಜಿಯೂ ಬಂದು ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತರು. ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಏರಿಸಿಕೊಂಡು ರೋಬೋದ ಪಕ್ಕದಲ್ಲೇ ನಿಂತು, “ಹೂಂ, ನಡೆಸಮ್ಮ,” ಅಂದರು. ಅಷ್ಟು ದೊಡ್ಡವರ ಮುಖಕ್ಕೆ ಏಕವಚನದಲ್ಲಿ ‘ಎತ್ತು’ ಅನ್ನೋದು ಹೇಗೆ? ಹುಡುಗಿ ಬೆವೆತುಹೋದಳು.

“ಎತ್ತಿ ಸರ್,” ಅಂದಳು.

ರೋಬೋ ಅಲ್ಲಾಡಲಿಲ್ಲ. ಪರೀಕ್ಷಕರು ಬಗ್ಗಿ, ಕಾಯಿ ಎತ್ತಿ, ಮೇಜಿನ ಮೇಲಿಟ್ಟರು.

ನಾನು ಹಣೆ ಚಚ್ಚಿಕೊಂಡೆ. ಅವರಿಗೂ ಆಮೇಲೆ ಹೊಳೆದು ನಕ್ಕುಬಿಟ್ಟರು. ಕಾಯಿಯನ್ನು ಮತ್ತೆ ನೆಲಕ್ಕಿಟ್ಟು, “ನನಗಲ್ಲಮ್ಮ, ಅದಕ್ಕೆ ಹೇಳು. ಮರ್ಯಾದೆ ಗಿರ್ಯಾದೆ ಬೇಡ,” ಅಂದರು. ಅವಳು ಕಣ್ಣು ಮುಚ್ಚಿ “ಎತ್ತು!” ಅಂದಳು. ಸ್ಕ್ರೂ ಗುರ್ ಅಂತ ತಿರುಗಿತು. ಕಾಯಿ ಮೆಲ್ಲಗೆ, ಮೆಲ್ಲಗೆ ಮೇಲೇರಿ ಮೇಜಿನ ಮೇಲೆ ಕೂತಿತು. “ಪಾಸು, ಹೋಗಮ್ಮ,” ಅಂದರು ಪರೀಕ್ಷಕರು. ನನಗೆ ಅಳು ತಡೆಯಲಾಗಲಿಲ್ಲ.

ಹುಡುಗಿ ಓಡಿಹೋಗಿ ಅಜ್ಜಿಯನ್ನು ತಬ್ಬಿಕೊಂಡಳು. “ನೋಡ್ದ್ಯಾ ಅಜ್ಜೀ, ನನ್ ಮೆಷೀನು? ಹೆಂಗೈತೆ?”

ಅಜ್ಜಿ ಅವಳ ಕೆನ್ನೆ ಸವರಿ, ದನಿ ತಗ್ಗಿಸಿ ಹೇಳಿದರು: “ಇದೂ ಪರವಾಗಿಲ್ಲ ಕಣವ್ವ, ಆದ್ರೆ ಬಲು ನಿಧಾನ. ಮೊದ್ಲು ಎತ್ತಿಟ್ತಲ್ಲ, ಕನ್ನಡಕ ಹಾಕ್ಕಂಡಿರೋದು, ಅದೇ ಚೆಂದಾಗಿತ್ತು.”