ಮೂಕಿ ಸಿನಿಮಾದವನು ನನ್ನ ಅಡುಗೆಮನೆಗೆ ಬಂದ

ನನ್ನ ತಮ್ಮನಷ್ಟು ಕಮ್ಮಿ ಮಾತಾಡಿ ನನ್ನ ಹೊಟ್ಟೆ ಇಷ್ಟೊಂದು ಉರಿಸಿದ ಗಂಡಸು ಮತ್ತಿಕೆರೆಯಲ್ಲೇ ಇಲ್ಲ! ಸಿನಿಮಾಗೆ ಅಂತ ಇದ್ದ ಫ್ಯಾಕ್ಟರಿ ಕೆಲಸ ಬಿಟ್ಟ. ಸಿಕ್ಕಿದ್ದು ಎರಡೇ ಸಿನಿಮಾ, ಎರಡರಲ್ಲೂ ಯಾರೂ ತುಟಿ ಬಿಚ್ಚಲ್ಲ. ಹೊಸ ಥರ ಅಂತೆ! ನಮ್ಮವ್ವ ಪೂರ್ತಿ ನೋಡಿ, ಲೈಟು ಹಾಕಿದ ಮೇಲೆ ಕೇಳಿದಳು: "ಮಿಷನ್ ಕೆಟ್ಟಿತ್ತೇನೇ?"

ಆಮೇಲೆ ಯಾರೂ ಕರೆಯಲಿಲ್ಲ. ಇಂಟೀರಿಯರ್ ಡಿಸೈನರ್ ಆದ. ಮನೆಯವರು ಹೇಗೆ ಕೂರ್ತಾರೆ, ಬಗ್ತಾರೆ ಅಂತ ಒಂದು ದಿನ ನೋಡ್ತಾನೆ. ಮಾರನೇ ದಿನ ಬಡಗಿ ಮುಂದೆ ಹಾಗೇ ಆಡಿ ತೋರಿಸ್ತಾನೆ, ಬಡಗಿ ಅಳತೆ ಬರ್ಕೋತಾನೆ. ಯಲಹಂಕದ ಒಬ್ಬ ಮೇಷ್ಟ್ರು ಸೋಫಾ ಮೇಲೆ ಮಲಗೋದನ್ನ ಆಡಿದ. ಹೆಂಡತಿ ಕರೆದಾಗ ಕಣ್ಣು ಮುಚ್ಚೋದು, ಆಕೆ ಆಚೆ ಹೋದ ಮೇಲೆ ಒಂದೇ ಕಣ್ಣು ಬಿಡೋದು, ಎಲ್ಲಾ!

"ಇಷ್ಟು ವರ್ಷ ನಿದ್ದೆ ಅಂದ್ಕೊಂಡಿದ್ನಲ್ರೀ!" ಅಂದಳು ಅಲ್ಲೇ ನಿಂತು ನೋಡ್ತಿದ್ದ ಹೆಂಡತಿ. ಸೋಫಾ ಕೆಲಸ ಅಲ್ಲಿಗೇ ನಿಂತಿತು.

ಇಂಥವನನ್ನ ನಮ್ಮ ಅಡುಗೆಮನೆ ಮಾಡಿಸೋಕೆ ನನ್ನ ಸೊಸೆ ಕರೆಸಿದಳು. ನನಗೆ ಬೇಡವಾಗಿತ್ತು. ಒಲೆ ಮುಂದೆ ನನ್ನ ಎಡಮಂಡಿ ಇದ್ದಕ್ಕಿದ್ದಂಗೆ ಕುಸಿಯುತ್ತೆ, ಗೋಡೆ ಹಿಡ್ಕೊಂಡು ನಿಲ್ತೀನಿ. ಮನೇಲಿ ಯಾರಿಗೂ ಹೇಳಿಲ್ಲ. ಗೊತ್ತಾದರೆ ಮಗ ಸೌಟು ಕಿತ್ಕೊಂಡು ಟಿವಿ ಮುಂದೆ ಕೂರಿಸ್ತಾನೆ. ಆಮೇಲೆ ಈ ಮನೇಲಿ ನಾನು ಯಾರು?

ತಮ್ಮ ದಿನವಿಡೀ ಬಾಗಿಲಲ್ಲಿ ಕೂತು ನನ್ನನ್ನೇ ನೋಡಿದ. ಎರಡು ಸಲ ಮಂಡಿ ಕುಸೀತು.

"ಏನೋ ಹಂಗೆ ನೋಡ್ತೀಯಾ?"

"ಕೆಲಸ ಅಕ್ಕಾ."

"ಅವ್ವ ಹಾಸಿಗೆ ಹಿಡಿದಾಗ ಹಿಂಗೆ ಒಂದು ದಿನ ಬಂದು ಕೂತಿದ್ರೆ ಆಗ್ತಿತ್ತು."

ತಲೆ ತಗ್ಗಿಸಿದ. ಮಾತಿಲ್ಲ. ಅದೊಂದು ಚೆನ್ನಾಗಿ ಕಲ್ತಿದಾನೆ!

ಮಾರನೇ ದಿನ ಮಗ, ಸೊಸೆ, ಬಡಗಿ ಮುಂದೆ ಟವೆಲ್ಲನ್ನ ಸೆರಗು ಮಾಡ್ಕೊಂಡು ನಾನೇ ಆಗಿಬಿಟ್ಟ. ಅಂಗೈಗೆ ಸಾರು ಬಿಟ್ಕೊಂಡು ನೆಕ್ಕೋದು, ಕುಕ್ಕರ್‌ಗೆ ಬಯ್ಯೋದು, ಸೊಸೆ ಕಣ್ಣು ತಪ್ಪಿಸಿ ತುಪ್ಪದ ಡಬ್ಬಿ ಮೇಲಿಡೋದು!

"ಅಯ್ಯೋ ಅತ್ತೆ, ತುಪ್ಪ ಅಲ್ಲಿತ್ತಾ?" ಸೊಸೆ ಬಿದ್ದೂ ಬಿದ್ದೂ ನಕ್ಕಳು.

ನಾನು ನಗಲಿಲ್ಲ. ಅವನು ಒಲೆ ಹತ್ತಿರ ಬಂದಿದ್ದ. ನನ್ನ ಮುಖ ನೋಡಿದ. ಮಂಡಿ ಬಗ್ಗಿಸಲಿಲ್ಲ. ಟವೆಲ್ ತೆಗೆದು, ನಾನು ದಿನಾ ಗೋಡೆ ಹಿಡಿಯೋ ಜಾಗಕ್ಕೇ ಬೆರಳಿಟ್ಟ.

"ಇಲ್ಲಿ ಒಂದು ಕಂಬಿ ಹಾಕಪ್ಪ, ಗಟ್ಟಿಯಾಗಿ. ಮಸಿಬಟ್ಟೆ ನೇತಾಕೋಕೆ."

"ಮಸಿಬಟ್ಟೆಗೆ ಗಟ್ಟಿ ಕಂಬಿ ಯಾಕೆ ಸಾರ್?" ಅಂದ ಬಡಗಿ.

"ನಮ್ಮಕ್ಕನ ಮಸಿಬಟ್ಟೆ ಭಾರ ಕಣಯ್ಯ."

ಮಗ ನಕ್ಕು ಆಫೀಸಿಗೆ ಹೊರಟ.

ಮಧ್ಯಾಹ್ನ ತಮ್ಮನ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದೆ. ಅವ್ವ ಹೋದ ಮೇಲೆ ಅವನಿಗೆ ಬೇಕಾ ಅಂತ ಕೇಳದೆ ನಾನು ಬಡಿಸಿದ್ದು ಅದೇ ಮೊದಲು.